ಕೈ ಮೀರಿ ಹೋಗಿದೆ ಎಂದಿದ್ದೆ

ನಾನು ನನ್ನ ತಂಗಿಗೆ ಒಂದು ಸುಳ್ಳು ಹೇಳಿದೆ. ಅವಳು ಅದನ್ನು ನಂಬಿ ಹೊಟ್ಟೆಯಲ್ಲಿದ್ದ ಮಗುವನ್ನು ತೆಗೆಸಿಕೊಂಡಳು.

ಬರೆದರೆ ಇಷ್ಟೇ. ಇಷ್ಟನ್ನು ಬರೆಯಲು ನನಗೆ ವರ್ಷಗಳು ಬೇಕಾದವು. ಸುಳ್ಳು ಯಾವುದೆಂದರೆ — ಭೂಮಿ ಬಿಸಿಯೇರುವುದನ್ನು ಇನ್ನು ಯಾರೂ ತಡೆಯಲಾರರು, ಎಲ್ಲ ಕೈ ಮೀರಿ ಹೋಗಿದೆ ಎಂಬುದು. ತಿಳಿಯದೆ ಹೇಳಿದ ಮಾತಾಗಿದ್ದರೆ ಅದನ್ನು ತಪ್ಪು ಅನ್ನಬಹುದಿತ್ತು. ಆದರೆ ನಾನು ಜಯನಗರದ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಕಲಿಸುವವಳು. ಅದೇ ವಾರ, ಅದೇ ಪ್ರಶ್ನೆ ಕೇಳಿದ ಹುಡುಗಿಗೆ ತರಗತಿಯಲ್ಲಿ ಎಲ್ಲರೆದುರು ‘ಇಲ್ಲಮ್ಮ, ತಡ ಆಗಿಲ್ಲ’ ಎಂದು ಹೇಳಿ ಬಂದವಳು. ಸತ್ಯ ಗೊತ್ತಿತ್ತು. ಗೊತ್ತಿದ್ದೂ ತಂಗಿಗೆ ಬೇರೆ ಹೇಳಿದೆ.

ಯಾಕೆ ಹೇಳಿದೆ ಎಂಬುದೇ ನಾನು ಇಷ್ಟು ದಿನ ಮುಚ್ಚಿಟ್ಟದ್ದು.

ನಮ್ಮದು ವಸಂತಪುರದ ಒಕ್ಕಲು ಮನೆ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಅಪ್ಪ ಬಾಡಿಗೆ ವಸೂಲು ಮಾಡುವ ಮಾಲೀಕರಾದರು. ಅಮ್ಮ ತೀರಿಕೊಂಡಾಗ ಕವಿತಾ ಇನ್ನೂ ಚಿಕ್ಕವಳು. ಅವಳಿಗೆ ಜಡೆ ಹಾಕಿದವಳು ನಾನು, ಮಗ್ಗಿ ಹೇಳಿಕೊಟ್ಟವಳು ನಾನು, ಮೊದಲ ಸಲ ಮುಟ್ಟಾಗಿ ಹೆದರಿ ಅತ್ತಾಗ ಪಕ್ಕದಲ್ಲಿ ಕುಳಿತವಳೂ ನಾನೇ. ಯಾರಾದರೂ ಏನಾದರೂ ಕೇಳಿದರೆ ಅವಳದು ಒಂದೇ ಉತ್ತರ: ‘ಅಕ್ಕ ಹೇಳಿದ್ಲು.’ ದೊಡ್ಡವಳಾಗಿ, ಮದುವೆಯಾಗಿ, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವಂತಾದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು — ಈಗ ಅದನ್ನು ನೆನೆದರೆ…

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಗಿರಿನಗರದಲ್ಲಿ ಕವಿತಾಳ ಮನೆಯ ಬೋರ್‌ವೆಲ್ ನಿಂತುಹೋಗಿ ಟ್ಯಾಂಕರ್ ನೀರಿಗೆ ಬಂದಿದ್ದರು. ಅವಳ ಗಾರ್ಮೆಂಟ್ಸಿಗೆ ತಗಡಿನ ಮಾಡು. ಮಧ್ಯಾಹ್ನದ ಹೊತ್ತು ಹೊಲಿಗೆಯ ಹೆಂಗಸರು ಕುಳಿತಲ್ಲೇ ತಲೆ ಸುತ್ತಿ ಬೀಳುತ್ತಿದ್ದರಂತೆ. ಹಾಗೆ ಬಿದ್ದವರಲ್ಲಿ ಒಬ್ಬಳು ಬಸುರಿ. ಅವಳನ್ನು ಎತ್ತಿ ನೆರಳಿಗೆ ತಂದು ಮುಖಕ್ಕೆ ನೀರು ಹಾಕಿದ್ದು ಕವಿತಾಳೇ.

ಅದಾದ ಭಾನುವಾರ ಅವಳು ನಮ್ಮ ಮನೆಗೆ ಬಂದಳು. ನನ್ನ ಗಂಡ ಹೊರಗೆ ಹೋಗಿದ್ದರು. ಕಾಫಿ ಮಾಡಿ ಕೊಟ್ಟೆ. ಕುಡಿಯಲಿಲ್ಲ. ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕುಳಿತಿದ್ದಳು.

‘ಅಕ್ಕಾ, ನಂಗೆ ನಿಂತಿದೆ. ಡಾಕ್ಟ್ರು ಕನ್ಫರ್ಮ್ ಮಾಡಿದ್ರು. ನಿಂಗೆ ಬೇಜಾರಾಗುತ್ತೆ ಅಂತ ಇಷ್ಟು ದಿನ ಹೇಳ್ಲಿಲ್ಲ.’

ನನಗೆ ಬೇಜಾರಾಗುತ್ತದೆ ಎಂದು ಅವಳು ಯಾಕೆ ಅಂದುಕೊಂಡಳು ಎಂಬುದನ್ನು ಹೇಳಬೇಕು. ನಾನೂ ನನ್ನ ಗಂಡನೂ ಮಗುವಿಗಾಗಿ ಎಷ್ಟೋ ವರ್ಷದಿಂದ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೆವು. ಇಂಜೆಕ್ಷನ್ನು, ಸ್ಕ್ಯಾನು, ಕಾಯುವುದು, ಆಗಲಿಲ್ಲ ಎಂದು ತಿಳಿಯುವುದು, ಮತ್ತೆ ಮೊದಲಿನಿಂದ. ಇದೇ ಕೊನೆಯ ಸಲ, ಇದೂ ಆಗದಿದ್ದರೆ ಬಿಟ್ಟುಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಅದು ಕವಿತಾಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಇಷ್ಟೇ — ಅಂದು ಬೆಳಿಗ್ಗೆ, ಅವಳು ಬರುವುದಕ್ಕೆ ಸ್ವಲ್ಪ ಮುಂಚೆ, ಕ್ಲಿನಿಕ್ಕಿನಿಂದ ನನಗೆ ಫೋನ್ ಬಂದಿತ್ತು. ‘ಸಾರಿ ಮೇಡಂ, ಈ ಸಲಾನೂ ಆಗಿಲ್ಲ.’

ಆ ಮಾತನ್ನು ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಅದು ಹಾಗೆಯೇ ಎದೆಯಲ್ಲಿ ಕುಳಿತಿತ್ತು. ಎದುರಿಗೆ ನನ್ನ ತಂಗಿ, ಬೇಡಿಕೊಳ್ಳದೆಯೇ ಬಸುರಾದವಳು, ಕೂತುಕೊಂಡು ಹೀಗೆ ಕೇಳಿದಳು:

‘ಆ ಹುಡುಗಿ ಬಿದ್ದಾಗಿಂದ ಭಯ ಆಗೋಗಿದೆ ಅಕ್ಕ. ಈಗ್ಲೇ ಹಿಂಗಾದ್ರೆ ಮಗು ದೊಡ್ಡದಾಗೋ ಹೊತ್ತಿಗೆ ಏನಾಗಿರುತ್ತೆ? ಇವ್ರು ಸುಮ್ನೆ ನಗ್ತಾರೆ. ನೀನು ಓದಿದೀಯ. ನೀನು ಹೇಳು. ತಡ ಆಗೋಯ್ತಾ?’

ಅವಳು ಬೇಡವೆಂದು ನಿರ್ಧರಿಸಿ ಬಂದಿರಲಿಲ್ಲ. ಇದನ್ನು ನಾನು ಚೆನ್ನಾಗಿ ಬಲ್ಲೆ. ಧೈರ್ಯ ಕೇಳಲು ಬಂದಿದ್ದಳು. ಹೆದರಬೇಡ ಕವೀ ಅಂದಿದ್ದರೆ ಸಾಕಿತ್ತು, ಆ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದಳು.

ನಾನು ಹೇಳಿದೆ: ‘ಕೈ ಮೀರಿ ಹೋಗಿದೆ ಕವೀ. ಹೊರಗಡೆ ನಾವು ಏನೇ ಹೇಳಿದ್ರೂ ಒಳಗೆ ಎಲ್ಲರಿಗೂ ಗೊತ್ತು. ಇಂಥಾ ಪ್ರಪಂಚಕ್ಕೆ ಕರ್ಕೊಂಡು ಬಂದ್ರೆ ಆ ಮಗು ನಿನ್ನ ಕ್ಷಮಿಸಲ್ಲ.’

ಆಮೇಲೂ ಬಹಳ ಹೊತ್ತು ಮಾತಾಡಿದೆ. ಕರಗುತ್ತಿರುವ ಹಿಮದ ಬಗ್ಗೆ, ಏರುತ್ತಿರುವ ಕಡಲಿನ ಬಗ್ಗೆ, ಮಳೆ ದಾರಿ ತಪ್ಪುತ್ತಿರುವುದರ ಬಗ್ಗೆ. ಅದರಲ್ಲಿ ಒಂದೊಂದೂ ನಿಜವೇ ಆಗಿತ್ತು. ನಿಜಗಳನ್ನೇ ಆರಿಸಿ ಆರಿಸಿ ಜೋಡಿಸಿ ಸುಳ್ಳು ಕಟ್ಟಿದೆ. ಆಗಿಹೋದ ಹಾನಿಯನ್ನೆಲ್ಲ ಹೇಳಿದೆ. ಇನ್ನೂ ತಪ್ಪಿಸಬಹುದಾದದ್ದನ್ನು ಒಂದನ್ನೂ ಹೇಳಲಿಲ್ಲ. ಇಂದು ನಾವು ಹೊಗೆ ಎಷ್ಟು ಕಡಿಮೆ ಮಾಡುತ್ತೇವೋ ನಾಳೆಯ ಬಿಸಿ ಅಷ್ಟಷ್ಟು ಕಡಿಮೆಯಾಗುತ್ತದೆ, ಆದ್ದರಿಂದ ಪೂರ್ತಿ ತಡವಾಯಿತು ಎಂಬ ದಿನ ಎಂದೂ ಬರುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವ ಇದೇ ಬಾಯಿ —

ಅವಳ ಮುಖ ಬಾಡುತ್ತಿದ್ದುದನ್ನು ನೋಡುತ್ತಿದ್ದೆ. ನೋಡುತ್ತ, ಒಳಗೆಲ್ಲೋ ಒಂದು ಸಮಾಧಾನವಾಯಿತು. ಈ ಬರಹದಲ್ಲಿ ನನಗೆ ಅತ್ಯಂತ ಕಷ್ಟವಾದ ಸಾಲು ಇದೇ. ಹೊಟ್ಟೆಕಿಚ್ಚು ಅನ್ನುವುದು ಚಿಕ್ಕ ಮಾತು. ನನಗೆ ಸಿಗದದ್ದು ಅವಳಿಗೂ ಸಿಗಬಾರದು ಎಂದು, ಆ ಒಂದು ಹೊತ್ತಿನ ಮಟ್ಟಿಗೆ, ನಾನು ನಿಜವಾಗಿ ಬಯಸಿದೆ.

ಒಂದು ಹೊತ್ತು ಅಂದೆ. ಅದೂ ಸುಳ್ಳು. ಆ ಭಾನುವಾರಕ್ಕೂ ಅವಳು ಆಸ್ಪತ್ರೆಗೆ ಹೋದ ದಿನಕ್ಕೂ ನಡುವೆ ಬೇಕಾದಷ್ಟು ಸಮಯವಿತ್ತು. ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಅವಳೇ ಯೋಚಿಸಿ ಬೇರೆ ತೀರ್ಮಾನ ಮಾಡಿಯಾಳು ಅಂದುಕೊಂಡೆ. ಕೊನೆಗೆ ಅವಳ ಜೊತೆ ಆಸ್ಪತ್ರೆಗೆ ಹೋದವಳೂ ನಾನೇ, ಅವಳ ಬ್ಯಾಗು ಹಿಡಿದುಕೊಂಡು. ಮುಗಿದ ಮೇಲೆ ಅವಳು ಹಾಸಿಗೆಯಲ್ಲಿ ನನ್ನ ಕಡೆ ತಿರುಗಿ, ‘ಸರಿಯಾಗಿಯೇ ಮಾಡಿದೆ ಅಲ್ವಾ ಅಕ್ಕ?’ ಎಂದಳು. ‘ಸರಿಯಾಗಿಯೇ ಮಾಡಿದೆ’ ಎಂದೆ. ಹಣೆ ಸವರಿದೆ.

ಮಗು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವಳ ಹಕ್ಕು. ಬೇಡವೆಂದ ಯಾವ ಹೆಣ್ಣಿನತ್ತಲೂ ನಾನು ಬೊಟ್ಟು ಮಾಡುವವಳಲ್ಲ. ಆದರೆ ಕವಿತಾ ಆ ಹಕ್ಕು ಚಲಾಯಿಸಲೇ ಇಲ್ಲ. ಅವಳಿಂದ ಅದನ್ನು ನಾನು ಕಸಿದುಕೊಂಡೆ, ಕಸಿದುಕೊಂಡದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಅವಳ ಗಂಡ ಮಂಜುನಾಥನಿಗೆ ಮಗು ಬೇಕಿತ್ತು. ಅವಳು ಆಸ್ಪತ್ರೆಗೆ ಹೋಗುವ ಮುಂಚೆ ಜಗಳವಾಡಿದ, ಬೇಡಿಕೊಂಡ, ಹೋಗಿ ಬಂದ ಮೇಲೆ ಮಾತು ಬಿಟ್ಟ. ಒಂದು ಸಂಜೆ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಕೇಳಿದ: ‘ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವೇನಾದ್ರೂ ಹೇಳಿದ್ರಾ ಅವಳಿಗೆ?’

‘ನಾನ್ಯಾಕೆ ಹೇಳ್ಲಿ ಮಂಜು? ಅದು ಅವಳ ತೀರ್ಮಾನ.’

ಕವಿತಾ ಕೂಡ ನನ್ನ ಹೆಸರು ಎತ್ತಲಿಲ್ಲ. ನಂತರದ ವರ್ಷಗಳಲ್ಲಿ, ನಂಟರಿಷ್ಟರ ನಾಮಕರಣಗಳಲ್ಲಿ, ಯಾರಾದರೂ ‘ನಿಮ್ಮದು ಯಾವಾಗ?’ ಎಂದು ಕೇಳಿದಾಗ ಮಂಜು ಎಲ್ಲರಿಗೂ ಕೇಳುವ ಹಾಗೆ, ‘ನಮ್ಮನೆಯವ್ಳಿಗೆ ಭೂಮಿ ಮುಳುಗೋ ಚಿಂತೆ’ ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು. ನಾನು ಅಲ್ಲೇ ಇರುತ್ತಿದ್ದೆ, ತಟ್ಟೆ ಹಿಡಿದುಕೊಂಡು ಪಲ್ಯ ಬಡಿಸಿಕೊಳ್ಳುತ್ತಿದ್ದೆ.

ಮಗುವಿನೊಂದಿಗೆ ಅವಳೊಳಗಿನ ಇನ್ನೇನೋ ಹೋಯಿತು. ಯಾವುದಕ್ಕೆ ಕರೆದರೂ ‘ಬಿಡು ಅಕ್ಕ, ಏನು ಮಾಡಿ ಏನು’ ಎನ್ನುವುದು ಅಭ್ಯಾಸವಾಯಿತು. ಪೇಪರಿನಲ್ಲಿ ಪ್ರವಾಹದ ಸುದ್ದಿ ಬಂದರೆ ಪುಟ ತಿರುಗಿಸುತ್ತಿದ್ದಳು. ಮತ್ತೊಂದು ಮಗುವಿನ ಮಾತು ಆಡಲೇ ಇಲ್ಲ. ಅಕ್ಕ ಹೇಳಿದ್ದಾಳೆ, ಮುಗಿಯಿತು.

ನಾನೋ — ಊರಿಗೆಲ್ಲ ಭರವಸೆ ಹಂಚುತ್ತ ತಿರುಗಿದೆ. ಪಾರ್ಕುಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ, ಶಾಲೆಗಳಲ್ಲಿ. ಕರೆದಲ್ಲೆಲ್ಲ ಹೋದೆ. ಪ್ರಾಯಶ್ಚಿತ್ತವೆಂದು ಅದಕ್ಕೆ ಮನಸ್ಸಿನಲ್ಲಿ ಹೆಸರಿಟ್ಟುಕೊಂಡಿದ್ದೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಮಾತು ಇತ್ತು. ಅಲ್ಲಿಂದ ನಾನೂ ಕವಿತಾಳೂ ವಸಂತಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಅದುವರೆಗೆ ನನ್ನ ಯಾವ ಭಾಷಣಕ್ಕೂ ಬಾರದಿದ್ದ ಅವಳು ಬೇಗ ಬಂದು, ನನಗೆ ಕಾಣದಂತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ತಾಯಿ ಎದ್ದು ಕೇಳಿದಳು: ‘ಮೇಡಂ, ಆನೆಸ್ಟ್ ಆಗಿ ಹೇಳಿ. ಟೂ ಲೇಟ್ ಆಗೋಯ್ತಾ?’

‘ಕೆಲವಕ್ಕೆ ಆಗಿದೆ ಅಮ್ಮ. ಎಲ್ಲದಕ್ಕೂ ಆಗಿಲ್ಲ. ನಿಮ್ಮ ಪಾಪು ಎಂಥಾ ಬೇಸಿಗೆ ನೋಡುತ್ತೆ ಅನ್ನೋದು ಇನ್ನೂ ನಮ್ಮ ಕೈಲೇ ಇದೆ.’

ಚಪ್ಪಾಳೆ ತಟ್ಟಿದರು. ಆಗ ಕವಿತಾಳನ್ನು ನೋಡಿದೆ. ಅವಳು ತಟ್ಟುತ್ತಿರಲಿಲ್ಲ.

ಆಟೋದಲ್ಲಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಲೆಕ್ಕ ಕೇಳುವ ಹಾಗೆ: ‘ಅವತ್ತು ನಂಗೆ ಬೇರೆ ಹೇಳಿದ್ಯಲ್ಲ ಅಕ್ಕ?’

‘ಅವತ್ತಿಗೆ ಗೊತ್ತಿದ್ದಿದ್ದು ಅಷ್ಟೇ ಕವೀ. ಈಗ ಸೈನ್ಸ್ ಮುಂದೆ ಹೋಗಿದೆ.’

‘ಹೌದಾ’ ಎಂದಳು. ನಂಬಿದಳು. ಮತ್ತೆ ನಂಬಿದಳು!

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನೂ ಜೀರ್ಣಿಸಿಕೊಂಡುಬಿಡುತ್ತಿದ್ದೆನೋ ಏನೋ. ಆದರೆ ಆ ದಿನದಿಂದ ಅವಳು ಬದಲಾದಳು. ಗಾರ್ಮೆಂಟ್ಸಿನ ಮಾಲೀಕರ ಹಿಂದೆ ಬಿದ್ದು, ಮಾಡಿನ ಮೇಲೆಲ್ಲ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿದಳು. ಸಂತೋಷ ತಡೆಯಲಾರದೆ ನನಗೆ ಫೋನ್ ಮಾಡಿದಳು. ‘ಒಳಗೆ ಸೆಕೆ ಎಷ್ಟು ಕಮ್ಮಿ ಆಗಿದೆ ಗೊತ್ತಾ ಅಕ್ಕ! ಹೆಂಗಸ್ರೆಲ್ಲ ಖುಷಿಯಾಗಿದಾರೆ. ಸಣ್ಣ ಕೆಲ್ಸ, ಆದ್ರೂ ಆಗುತ್ತಲ್ಲ! ಇದೆಲ್ಲ ಆಗ್ಲೇ ಗೊತ್ತಿದ್ದಿದ್ರೆ ನಾನು…’

ಅಲ್ಲಿಗೆ ನಿಲ್ಲಿಸಿದಳು. ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.

ಮುಂದಿನ ಭಾನುವಾರ ಗಿರಿನಗರಕ್ಕೆ ಹೋದೆ. ಅವಳು ಮಂಚದ ಮೇಲೆ ಒಗೆದ ಬಟ್ಟೆ ಹರವಿಕೊಂಡು ಮಡಚುತ್ತಿದ್ದಳು. ಎದುರಿಗೆ ಕುಳಿತು ಹೇಳಿದೆ. ಕ್ಲಿನಿಕ್ಕಿನ ಫೋನು, ನನಗೆ ಆಗಲೇ ಸತ್ಯ ಗೊತ್ತಿದ್ದದ್ದು, ಅವಳ ಮುಖ ಬಾಡಿದಾಗ ನನಗಾದ ಸಮಾಧಾನ, ಆಟೋದಲ್ಲಿ ಹೇಳಿದ ಸುಳ್ಳು, ಎಲ್ಲ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಒಂದು ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಕೇಳಿದಳು: ‘ನಾನು ಬರೋಕೆ ಮುಂಚೇನೇ ಫೋನ್ ಬಂದಿತ್ತಾ?’

‘ಹೂಂ.’

‘ಅದನ್ನ ಹೇಳ್ಬಹುದಿತ್ತಲ್ಲ ಅಕ್ಕ. ಇಬ್ರೂ ತಬ್ಕೊಂಡು ಅಳಬಹುದಿತ್ತು.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ನಾನು ಅಳತೊಡಗಿದಾಗ ಅವಳು ಹತ್ತಿರ ಬರಲಿಲ್ಲ. ‘ಅವ್ರು ಬರೋ ಹೊತ್ತಾಯ್ತು. ಅವ್ರ ಮುಂದೇನೂ ಹೇಳು’ ಎಂದಳು.

ಮಂಜು ಬಂದ. ಹೇಳಿದೆ. ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. ಹೆಂಡತಿಯ ಕಡೆ ತಿರುಗಿದ. ‘ಇಷ್ಟು ವರ್ಷ ಬೈಸ್ಕೊಂಡ್ಯಲ್ಲೇ. ಯಾಕೆ ಹೇಳ್ಲಿಲ್ಲ, ಅಕ್ಕ ಹೇಳಿದ್ರು ಅಂತ?’

‘ತೀರ್ಮಾನ ನಂದೇ ಅಂದ್ಕೊಂಡಿದ್ದೆ.’

ಅವನು ಹೋಗಿ ಅವಳ ಪಕ್ಕದಲ್ಲಿ, ಬಟ್ಟೆಗಳ ನಡುವೆಯೇ ಕುಳಿತ. ನಾನು ಎದ್ದೆ. ಇನ್ನು ಮೇಲೆ ಎಲ್ಲೂ ಹೋಗಿ ಭಾಷಣ ಮಾಡುವುದಿಲ್ಲ, ಆ ಯೋಗ್ಯತೆ ನನಗಿಲ್ಲ ಎಂದೆ. ಕವಿತಾ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

‘ಅದೊಂದು ಮಾಡ್ಬೇಡ. ನಂಗೆ ಹೇಳ್ದೇ ಇದ್ದಿದ್ದನ್ನ ಬೇರೆಯವ್ರಿಗಾದ್ರೂ ಹೇಳು. ಇಲ್ಲಿಗೆ ಮಾತ್ರ ಸ್ವಲ್ಪ ದಿನ ಬರ್ಬೇಡ ಅಕ್ಕ.’

ಅಕ್ಕ ಎಂದಳು. ಅದನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ಹೊರಟ ನನ್ನ ಮನಸ್ಸನ್ನು ಗದರಿಸಿದೆ.

ಪಾಠ ಮಾಡುತ್ತೇನೆ. ಕರೆದಲ್ಲಿಗೆ ಹೋಗುತ್ತೇನೆ. ಎಲ್ಲ ಕಡೆಯೂ ಯಾರಾದರೂ ಒಬ್ಬರು ಆ ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳುತ್ತೇನೆ, ಇಲ್ಲ, ತಡವಾಗಿಲ್ಲ ಎಂದು. ಅದು ನಿಜ. ಹೇಳಿ ಮುಗಿಸಿದ ಮೇಲೆ ಹಿಂದಿನ ಸಾಲನ್ನು ನೋಡುತ್ತೇನೆ, ಕವಿತಾ ಇರುವುದಿಲ್ಲ. ಸ್ವಲ್ಪ ದಿನ ಎಂದಿದ್ದಳು. ಮಳೆಗಾಲ ಬಂದು ಹೋಯಿತು. ಎಷ್ಟು ದಿನವೆಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ.