ಹೊಳೆಯವ್ವನ ಸೀರೆಯ ಕೌದಿ

ಕೃಷ್ಣೆ ತುಂಬಿ ಬಂದಾಗ ನಮ್ಮೂರ ಹೆಣ್ಣುಮಕ್ಕಳು ಅವಳಿಗೆ ಉಡಿ ತುಂಬುತ್ತಾರೆ. ಸೀರೆ, ಖಣ, ಹಸಿರು ಬಳೆ, ಉತ್ತತ್ತಿ, ಅಕ್ಕಿ, ಕೊಬ್ಬರಿ ಬಟ್ಟಲು. ನಮಗೆ ಅವಳು ಹೊಳೆಯವ್ವ. ತುಂಬು ಬಸುರಿಯಂತೆ ಮನೆ ಮುಂದೆ ಬಂದವಳನ್ನು ಬರಿಗೈಲಿ ಕಳಿಸುವುದುಂಟೆ? ಯಡೂರಿಗೆ ದರ್ಶನಕ್ಕೆ ಬಂದವರು ಹಾದಿಯಲ್ಲಿ ನಮ್ಮೂರ ದಂಡೆಗೂ ಇಳಿಯತೊಡಗಿದ ಮೇಲೆ ಸೀರೆಗಳಿಗೆ ಲೆಕ್ಕವೇ ಇಲ್ಲದಂತಾಯಿತು. ನಿಪ್ಪಾಣಿ, ಮಿರಜ ಕಡೆಯ ಗಾಡಿಗಳು ಬಂದು ನಿಲ್ಲುತ್ತವೆ, ಅಂಗಡಿಯ ತೆಳ್ಳನೆಯ ಪಾಲಿಸ್ಟರ್ ಸೀರೆ ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಬೀಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಬೇಕಿತ್ತು: ದಂಡೆಯ ಜಾಲಿಕಂಟಿಗಳೆಲ್ಲ ಸೀರೆ ಉಟ್ಟು ನಿಂತಿರುತ್ತಿದ್ದವು. ಕಬ್ಬಿಗೆ ನೀರೆತ್ತುವ ಪಂಪಿನ ಬಾಯಿಗೆ ಸೆರಗು ಸುತ್ತಿ ಮೋಟಾರು ಸುಟ್ಟುಕೊಂಡವರು ಹೊಳೆಯವ್ವನನ್ನು ಬಯ್ಯಲಾರದೆ ಯಾತ್ರಿಕರನ್ನು ಬಯ್ಯುತ್ತಿದ್ದರು.

ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಶನಿವಾರ ಬಂತೆಂದರೆ ಊರಿಗೆ, ಅವ್ವನ ಹತ್ತಿರ. ದಂಡೆಯನ್ನು ಕೆಡಿಸದೆ ಪ್ರವಾಸಿಗರಿಗೆ ಸಜ್ಜು ಮಾಡಬೇಕೆಂದು ಊರಲ್ಲೊಂದು ಸಮಿತಿ ಆಯಿತು. "ಬಾಯಾರ, ನೀವು ಓದಿದವ್ರ ಅದೀರಿ, ನೀವ ಒಂದು ದಾರಿ ಹೇಳ್ರಿ" ಎಂದು ಸಮಿತಿಯವರು ಕೇಳಿದಾಗ ಹಿಗ್ಗಿ ಹೀರೇಕಾಯಿಯಾದೆ.

ದಾರಿ ಹೇಳಿದೆ. ಮೆಟ್ಟಿಲ ಪಕ್ಕದಲ್ಲಿ ದೊಡ್ಡದೊಂದು ಕಲ್ಲಿನ ತೊಟ್ಟಿ. ಅಕ್ಕಿ, ಕುಂಕುಮ ಹೊಳೆಗೆ, ಸೀರೆ ತೊಟ್ಟಿಗೆ. ಆ ಸೀರೆಗಳನ್ನು ಒಗೆದು, ತುಂಡುಗಳನ್ನು ಪದರಪದರವಾಗಿ ಜೋಡಿಸಿ ಊರ ಹೆಣ್ಣುಮಕ್ಕಳು ಹಾಸಿ ಹೊದೆಯುವ ಕೌದಿ ಹೊಲಿಯುವುದು, ಬಂದವರು ಕೊಂಡೊಯ್ಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಹಿಂದೆ ಸೆರಗು ಹೊದ್ದು ಕೂತಿದ್ದ ಹೆಣ್ಣುಮಕ್ಕಳೂ "ಹೂನ್ರಿ" ಅಂದರು. ಅವರು ಸಭೆ ಮುಗಿಸಿ ರೊಟ್ಟಿ ಬಡಿಯಲು ಹೋಗುವ ಅವಸರದಲ್ಲಿದ್ದರು. ಇದೇ ಊರಲ್ಲಿ ಹುಟ್ಟಿದವಳು ನಾನು, ಅಷ್ಟು ತಿಳಿಯಬೇಕಿತ್ತು.

ತೊಟ್ಟಿ ತುಂಬಿತು, ಸೂಜಿ ಹಿಡಿಯುವವರು ಮಾತ್ರ ಯಾರೂ ಬರಲಿಲ್ಲ. ಒಬ್ಬಳಿಗೆ ಮೊಣಕಾಲು ನೋವು, ಇನ್ನೊಬ್ಬಳ ಎಮ್ಮೆ ಈದಿದೆ. ಕೊನೆಗೆ ಪಕ್ಕದ ಮನೆಯ ಕಾಕಿ ಮುಖಕ್ಕೇ ಹೇಳಿದಳು: "ಹೊಳಿಯವ್ವಗ ಉಡಿ ತುಂಬಿದ ಸೀರಿ ಮ್ಯಾಲೆ ಮಂದಿ ಮಕ್ಕೋಬೇಕೇನವಾ? ಕೊಟ್ಟ ಉಡಿ ತಿರುಗಿ ತಗೊಂಡವ್ರ ಯಾರರ ಅದಾರನು? ನೀ ಸಾಲಿ ಕಲತಾಕಿ, ನಿನಗ ನಡೀತೈತಿ."

ನನಗೆ ಕೆಟ್ಟ ಸಿಟ್ಟು ಬಂತು. ಪ್ಲಾಸ್ಟಿಕ್ ಎಸೆದು ಹೊಳೆ ಕೆಡಿಸಿದರೆ ಪಾಪವಿಲ್ಲ, ಕೌದಿ ಹೊಲಿದರೆ ಪಾಪವೇ? ಮಳೆಗೆ ತೊಟ್ಟಿಯ ಸೀರೆಗಳು ನಾರತೊಡಗಿದವು. ಸಮಿತಿಯವರು ಮುಸಿಮುಸಿ ನಗುತ್ತಿದ್ದರು.

ಆಗ ಅವ್ವನನ್ನು ಹಿಡಿದೆ.

ಅವ್ವನ ಕೌದಿ ಎಂದರೆ ಅಥಣಿಯ ಬೀಗರೂ ಹೇಳಿ ಕಳಿಸುವಷ್ಟು ಹೆಸರು. ಅವಳು ಹೊಲಿದರೆ ಊರೇ ಹೊಲಿಯುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಮುಂಜಾನೆ ಹೊಳೆಗೆ ಹೋಗಿ ಒಂದು ಬೊಗಸೆ ನೀರು ಕಣ್ಣಿಗೆ ಒತ್ತಿಕೊಳ್ಳದೆ ಅವ್ವ ಒಲೆ ಹೊತ್ತಿಸುವವಳಲ್ಲ. ಅಪ್ಪ ತೀರಿಕೊಂಡಾಗ ಅವಳು ಅತ್ತದ್ದು ನಮ್ಮೆದುರಲ್ಲ, ಹೊಳೆಯೆದುರು. ಗೊತ್ತಿದ್ದೂ ಕೇಳಿದೆ.

"ಬ್ಯಾರೆ ಏನರ ಹೇಳು ಮಾಡತೇನಿ. ಇದನ್ನ ಮಾಡಾಕ ಹಚ್ಚಬ್ಯಾಡ ನನ್ನವ್ವಾ," ಎಂದಳು.

"ನಾಕ ಮಂದ್ಯಾಗ ನನ್ನ ಮಾನ ಹೋಗಾಕತ್ತೈತಿ. ನೀನೂ ಒಲ್ಲೆ ಅಂದ್ರ ನಾ ಈ ಊರಿಗೆ ಮತ್ತ ಬರೂದಿಲ್ಲ ನೋಡು," ಎಂದೆ. ಒಬ್ಬಂಟಿಯಾಗಿರುವ ತಾಯಿಗೆ ಮಗಳು ಆಡುವ ಮಾತಲ್ಲ ಅದು. ಅವ್ವ ಎದ್ದು ಸೂಜಿಯ ಡಬ್ಬಿ ತೆಗೆದಳು.

ಕೌದಿ ಮುಗಿಸುವಾಗ ಅವ್ವ ನಟ್ಟನಡುವಿನ ತುಂಡಿನ ಕೆಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯುತ್ತಾಳೆ; ಕೌದಿ ಹಸಿದುಕೊಂಡಿರಬಾರದಂತೆ. ಈ ಸಲ ಇಡಲಿಲ್ಲ. ಯಾಕೆ ಎಂದು ಕೇಳಿದೆ. "ಆಕಿ ಸೀರಿ ಕಸ್ಕೊಂಡು ಆಕೀಗೇ ರೊಟ್ಟಿ ತಿನ್ನಸೂದೇನು?" ಎಂದಳು, ತಲೆ ಎತ್ತದೆ. ನಾನು ಕೇಳಿಸದವಳಂತೆ ಕೌದಿಯ ಫೋಟೊ ತೆಗೆದುಕೊಂಡೆ.

ಅಂದುಕೊಂಡಂತೆಯೇ ಆಯಿತು. ಅವ್ವನನ್ನು ನೋಡಿ ಕಾಕಿ ಹೊಲಿದಳು, ಕಾಕಿಯನ್ನು ನೋಡಿ ಓಣಿಯೇ ಹೊಲಿಯಿತು. ಮಿರಜದಿಂದ ಬಂದ ಹೆಂಗಸೊಬ್ಬಳು ಅವ್ವನ ಕೌದಿಯನ್ನು ಕೆನ್ನೆಗೊತ್ತಿ, "ಗೋಧಡಿ ಲಯ್ ಭಾರೀ!" ಎಂದು ಮರಾಠಿಯಲ್ಲಿ ಹೊಗಳಿ ತಗೊಂಡು ಹೋದಳು. ಈ ಬೇಸಿಗೆಯಲ್ಲಿ ಜಾಲಿಕಂಟಿಗಳಲ್ಲಿ ಒಂದು ಚಿಂದಿಯೂ ಇರಲಿಲ್ಲ. ರಾಯಬಾಗ ಕಡೆಯ ಊರಿನವರು ನಮ್ಮ ದಂಡೆ ನೋಡಲು ಬಂದರು, ನಾನೇ ಮುಂದೆ ನಿಂತು ವಿವರಿಸಿದೆ. ಯೋಜನೆ ತಪ್ಪಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ನನ್ನ ಸಂಕಟ ಇರುವುದೇ ಅಲ್ಲಿ.

ಅವ್ವ ಹೊಳೆಗೆ ಹೋಗುವುದನ್ನು ಬಿಟ್ಟದ್ದು ನನಗೆ ತಡವಾಗಿ ತಿಳಿಯಿತು. ಶನಿವಾರ ಬಂದು ಭಾನುವಾರ ಹೋಗುವವಳಿಗೆ ಏನು ತಿಳಿಯುತ್ತದೆ? ಒಂದು ಮುಂಜಾನೆ ಅವಳು ಮನೆ ಮುಂದಿನ ನಲ್ಲಿಗೆ ಬೊಗಸೆ ಒಡ್ಡಿ ನಿಂತಿದ್ದಳು. "ಹೊಳಿಗೆ ಹೋಗಲಿಲ್ಲೇನು?" ಎಂದರೆ, "ಮೆಟ್ಟಲಾ ಜಾರತಾವು" ಎಂದಳು. ಆ ಮೆಟ್ಟಿಲಿಗೆ ಜಾರದ ಕಲ್ಲನ್ನು ಆರಿಸಿ ಹಾಕಿಸಿದವಳು ನಾನು.

ಈ ಸಲದ ಶ್ರಾವಣದಲ್ಲಿ ಕೃಷ್ಣೆ ಮತ್ತೆ ದಂಡೆ ಮುಟ್ಟಿದಳು. ರಜೆ ಹಾಕಿ ಬಂದೆ. ಟ್ರಂಕಿನಿಂದ ಅವ್ವ ಉಡದೆ ಎತ್ತಿಟ್ಟಿದ್ದ ನೂಲಿನ ಇಳಕಲ್ ಸೀರೆ ತೆಗೆದು, "ನಡಿ ಅವ್ವಾ, ಇದು ನೂಲಿಂದು. ತೊಟ್ಟಿಗೆ ಹಾಕಬ್ಯಾಡ, ಹೊಳಿಗೇ ಬಿಡು. ಯಾರ ಏನ ಅಂತಾರ ನಾ ನೋಡತೇನಿ," ಎಂದೆ. ನಾನೇ ಮಾಡಿದ ಕಟ್ಟಳೆಯನ್ನು ನಾನೇ ಮುರಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಅವ್ವ ಬಂದಳು, ಮೇಲಿನ ಮೆಟ್ಟಿಲವರೆಗೆ. ಕೆಳಗೆ ಹೆಣ್ಣುಮಕ್ಕಳು ಅಕ್ಕಿ ಕುಂಕುಮ ಬಿಟ್ಟು, ಸೀರೆಗಳನ್ನು ತಂದು ತೊಟ್ಟಿಗೆ ಹಾಕುತ್ತಿದ್ದರು, ನಾನು ಹೇಳಿಕೊಟ್ಟ ಹಾಗೆಯೇ. ಅವ್ವ ಉಡಿಯ ಬುಟ್ಟಿಯನ್ನು ನನ್ನ ಕೈಗಿಟ್ಟಳು.

"ನೀ ಹೋಗಿ ತುಂಬಿ ಬಾ. ಸೀರಿ ತೊಟ್ಟಿಗೇ ಹಾಕು, ಎಲ್ಲಾರೂ ಹಾಕಾಕತ್ತಾರ."

"ನೀನೂ ಬಾ ಅವ್ವಾ. ನಾ ಕೈ ಹಿಡಿತೇನಿ."

"ಬ್ಯಾಡ. ಆಕಿ ಸೀರಿಗೆ ಸೂಜಿ ಚುಚ್ಚಿದ ಕೈ ಇದು. ಯಾ ಮಾರಿ ಹೊತ್ಕೊಂಡು ಮುಟ್ಟಲಿ?" ಎಂದಳು. ಆಮೇಲೆ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವವಳಂತೆ, "ನೀರ ಚಲೋ ಆಗ್ಯಾವ ಬಿಡು," ಎಂದಳು.

ಒಬ್ಬಳೇ ಇಳಿದು ಉಡಿ ತುಂಬಿದೆ. ಅವ್ವನಿಗೆಂದು ಒಂದು ಬೊಗಸೆ ನೀರು ಹಿಡಿದು ಮೇಲೆ ಬಂದೆ. ಬರುವಷ್ಟರಲ್ಲಿ ಅಷ್ಟೂ ಸೋರಿ, ಕೈ ಮಾತ್ರ ಒದ್ದೆಯಿತ್ತು. ಆ ಒದ್ದೆ ಕೈಯನ್ನೇ ಅವಳ ಕಣ್ಣಿಗೆ ಒತ್ತಲು ಹೋದೆ. ಅವ್ವ ಮೆಲ್ಲಗೆ ಮುಖ ತಿರುಗಿಸಿದಳು.