ಕಾಕು ತೊಳೆದ ಗ್ಲಾಸು

ಮೊನ್ನೆ ರವಿವಾರ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೆಂಡತಿ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದ್ದಳು. ನಾನು ಅಂಗಳದಲ್ಲಿ ನಿಂತು ಕಾರಿನ ಗ್ಲಾಸಿನ ಮೇಲಿನ ಬಿಳಿ ಚುಕ್ಕೆಗಳನ್ನು ಉಗುರಿನಿಂದ ಕೆರೆಯುತ್ತಿದ್ದೆ. ಅಡುಗೆಮನೆಯಿಂದ ಆ ಹುಳಿ ವಾಸನೆ ಬಂದದ್ದೇ ತಡ, ಕೈ ತಾನಾಗಿ ನಿಂತಿತು. ಸವದತ್ತಿಯ ಕಾಕು ನೆನಪಾದಳು...

ಅಲ್ಲಿ ನಮಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೊಂದು ಹಳೆಯ ಅಂಬಾಸಡರ್ ಕೊಂಡಿದ್ದೆ. ಹೊಸ ಹುರುಪು ನೋಡಿ, ದಿನಾ ಮಧ್ಯಾಹ್ನ ಊಟಕ್ಕೆ ಬಂದಾಗ ಬೋರಿನ ನೀರು ಸುರಿದು ತೊಳೆಯುತ್ತಿದ್ದೆ. ನಮ್ಮ ಬೋರಿನದು ಸವಳು ನೀರು. ಬಿಸಿಲಿಗೆ ಅಲ್ಲಲ್ಲೇ ಆರಿ ಗ್ಲಾಸಿನ ತುಂಬ ಸುಣ್ಣದ ಚುಕ್ಕೆ. ತೊಳೆದಷ್ಟೂ ಹೆಚ್ಚು! ಎರಡು ತಿಂಗಳಲ್ಲಿ ಗಾಡಿಗೆ ಸಿಡುಬು ಎದ್ದಂತಾಗಿತ್ತು.

ಆಗಲೇ ಕಟಕೋಳದಿಂದ ಕಾಕುವಿನ ತಂಗಿಯ ಕರೆ ಬಂತು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಅಕ್ಕ ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣವೇನು ಅಂತೀರಿ? ಹಿಂದೊಂದು ಕಾರ್ಯದಲ್ಲಿ ಕಾಕು ಮಾಡಿದ ಹೋಳಿಗೆ ಎತ್ತಿ ಹಿಡಿದು ತಂಗಿ, ನಾಲ್ಕು ಮಂದಿಯ ಎದುರಿಗೆ, “ಅಕ್ಕಾ, ಇದು ಹೋಳಗಿ ಅಲ್ಲ, ದಪ್ಪ ರೊಟ್ಟಿ” ಎಂದು ನಕ್ಕಿದ್ದಳು. ಅಷ್ಟೇ. ಉಣ್ಣದೆ ಎದ್ದು ಬಂದ ಕಾಕು ಆ ಹೊಸ್ತಿಲು ಮತ್ತೆ ತುಳಿದಿರಲಿಲ್ಲ.

ಈಗ ಹೋಗುವ ಆಸೆ ಆಕೆಯ ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಕರೆಯಲು ತಂಗಿ ತಾನೇ ಬಂದಿರಲಿಲ್ಲ, ಮಗನ ಕೈಲಿ ಹೇಳಿ ಕಳಿಸಿದ್ದಳು.

“ಬಸ್ಸಿನ್ಯಾಗ ಹೋದ್ರ ಕರದಕೂಡ್ಲೆ ಓಡಿ ಬಂದ್ಲು ಅಂತಾಳ. ನಿನ್ನ ಗಾಡ್ಯಾಗ ಬರತೇನಿ. ಗ್ಲಾಸ ಏರಿಸ್ಕೊಂಡ ಒಳಗ ಕುಂಡ್ರತೇನಿ. ಆಕಿ ಗಾಡಿ ತನಕಾ ಬಂದು ‘ಅಕ್ಕಾ’ ಅಂದ್ರ ಇಳಿತೇನಿ. ಇಲ್ಲಂದ್ರ ಹಂಗ ತಿರುಗಿಸಿಬಿಡು, ನಿನ್ನ ಆಣಿ!”

ನಾನು ಹೂಂ ಅಂದೆ. ಕಾಕು ಗಾಡಿಗೆ ಒಂದು ಸುತ್ತು ಬಂದು ಸೊಂಟದ ಮೇಲೆ ಕೈಯಿಟ್ಟಳು. “ಈ ಗ್ಲಾಸಿನ ಹಿಂದ ನಾ ಕುಂತ್ರ, ಅಕ್ಕ ಬಂದಾಳೋ ಹಿಟ್ಟಿನ ಚೀಲ ಬಂದೈತೋ ಆಕೀಗೆ ತಿಳಿಯೂದಿಲ್ಲಲೋ!”

ಮರುದಿನ ಬಿಸಿಲೇರುವ ಮೊದಲೇ ಹುಣಸೆನೀರಿನ ಬೋಗುಣಿ ಹಿಡಿದು ಹಾಜರು. ನಾನು ಜಾಣತನ ಮಾಡಿ ಬೂದಿ ತಂದಿದ್ದೆ. “ಒಳಗ ಇಟ್ಟ ಬಾ ಅದನ್ನ. ಗೀರ ಬಿದ್ರ ನಿಮ್ಮಪ್ಪ ಬಂದು ತಗೀತಾನೇನು?” ತಾಮ್ರದ ಹಂಡೆಯ ಸುಣ್ಣ ಬಿಡಿಸಿದ ಕೈ ಅದು. ಹಳೆಯ ಧೋತರದ ತುಂಡನ್ನು ಹುಣಸೆನೀರಿನಲ್ಲಿ ಅದ್ದಿ, ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದಂತೆ ಗ್ಲಾಸಿಗೆ ಅಂಟಿಸಿದಳು. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಮುಟ್ಟುವಂತಿಲ್ಲ. ಆಮೇಲೆ ಮೂರು ಬೆರಳು ಕೂಡಿಸಿ ಸಣ್ಣ ಸಣ್ಣ ಸುತ್ತು. ಹೋಗದ ಚುಕ್ಕೆಗೆ ಎರಡನೇ ಪಟ್ಟಿ, ಮೂರನೇ ಪಟ್ಟಿ, ಜೊತೆಗೆ ಬೈಗುಳ: “ಹೋಗ್ತಿಯೋ ಇಲ್ಲೋ? ನನ್ನ ತಂಗೀಗಿಂತ ಮೊಂಡ ಅದೀ ನೀ!”

ಕೊನೆಗೆ ನಾನು ಬೋರಿನ ನೀರಿನ ಕೊಡ ಎತ್ತಿದರೆ ಕೈ ಹಿಡಿದಳು. ಆಗ ನಳದ ಸಿಹಿನೀರು ನಾಲ್ಕು ದಿನಕ್ಕೊಮ್ಮೆ. ಬೇಳೆ ಬೇಯಿಸಲೆಂದು ಹಿಡಿದಿಟ್ಟಿದ್ದ ಆ ನೀರನ್ನೇ ತಂದು ಗ್ಲಾಸಿಗೆ ಸುರಿದು, ಹಳೆಯ ಪೇಪರಿನಿಂದ ಒರೆಸಿ ಒಣಗಿಸಿದಳು. ಗ್ಲಾಸು ಇದೆಯೋ ಇಲ್ಲವೋ ಎಂದು ನನ್ನ ಹೆಂಡತಿ ಬೆರಳಿಟ್ಟು ನೋಡಿದಳು.

ಕಾರ್ಯದ ದಿನ ಕಟಕೋಳದವರೆಗೂ ಗ್ಲಾಸು ಏರಿಸಿಯೇ ಹೋದೆವು. ಬೆವರಿನಿಂದ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

“ಕಾಕು, ಸ್ವಲ್ಪರ ಇಳಸ್ಲಿ?”

“ಸುಮ್ನ ಹೊಡಿ.”

ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ತಂಗಿ ಸಕ್ಕರೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾಕು ನೆಟ್ಟಗೆ ಕೂತು ಆಕೆಯನ್ನೇ ನೋಡುತ್ತಿದ್ದಳು. ಇಬ್ಬರೂ ಅಲುಗಲಿಲ್ಲ. ನಾನು ಗೇರಿನ ಮೇಲೆ ಕೈಯಿಟ್ಟೆ, ತಿರುಗಿಸಬೇಕೋ ಏನೋ... ಕನ್ನಡಿಯಲ್ಲಿ ಕಂಡದ್ದು ಕಾಕುವಿನ ಗದ್ದ. ನಡುಗುತ್ತಿತ್ತು. ಅಷ್ಟು ದೂರದಿಂದ ತಂಗಿಗೂ ಅದು ಕಂಡಿರಬೇಕು.

“ಅಕ್ಕಾ!” ಎಂದು ಓಡಿಬಂದಳು. ಮುಷ್ಟಿ ತುಂಬ ಸಕ್ಕರೆ ಹಿಡಿದು ಸೀದಾ ಅಕ್ಕನ ಬಾಯಿಗೆ ಹಾಕಲು ಹೋದಳು. ಟಪ್! ಕೈ ಗ್ಲಾಸಿಗೆ ಬಡಿದು ಸಕ್ಕರೆಯೆಲ್ಲ ಚೆಲ್ಲಾಪಿಲ್ಲಿ.

“ಅಯ್ಯ ಶಿವನ! ಇಲ್ಲಿ ಗ್ಲಾಸ ಐತೇನು?”

ಒಳಗೆ ಕಾಕು ನಗುತ್ತಲೂ ಅಳುತ್ತಲೂ ಬಾಗಿಲೆಲ್ಲ ತಡಕಾಡುತ್ತಿದ್ದಳು. “ಇಳಸೋ, ಲಗೂ ಇಳಸೋ ಇದನ್ನ!” ನಾನು ಹಿಂದೆ ಬಾಗಿ ಹಿಡಿಕೆ ತಿರುಗಿಸಿದೆ. ಗ್ಲಾಸು ಅರ್ಧ ಇಳಿಯುವಷ್ಟರಲ್ಲೇ ತಟ್ಟೆಯಲ್ಲಿ ಉಳಿದ ಸಕ್ಕರೆ ಆಕೆಯ ಬಾಯಿಗೆ ಬಿತ್ತು. ಅದನ್ನು ನುಂಗುತ್ತಲೇ ಒಂಬತ್ತು ವರ್ಷದ ಉತ್ತರ ಕೊಟ್ಟಳು: “ನನ್ನ ಹೋಳಗಿ ದಪ್ಪ ಇರಬಹುದವ್ವಾ. ಗ್ಲಾಸ ನೋಡ, ಎಷ್ಟ ತೆಳ್ಳಗ ಮಾಡೇನಿ!”

ಊರಿಗೆ ಬಂದಮೇಲೆ ನೋಡಿದರೆ ಗ್ಲಾಸಿನ ಮೇಲೆ ತಂಗಿಯ ಬೆರಳಿನ ಗುರುತು, ಸಕ್ಕರೆಯ ಅಂಟು. ಒರೆಸಲು ಹೋದೆ. “ನಾಕ ದಿನ ಇರ್ಲಿ ಬಿಡೋ” ಅಂದಳು ಕಾಕು. ಅಷ್ಟು ತಿಕ್ಕಿದವಳೇ ಹಾಗಂದಳು...

ಆಮೇಲೆ ಐದಾರು ವರ್ಷ ಅಕ್ಕತಂಗಿಯರ ಓಡಾಟ ನಿಲ್ಲಲಿಲ್ಲ. ಕಾಕು ತೀರಿಕೊಂಡ ದಿನ ಅದೇ ಗಾಡಿ ಒಯ್ದು ತಂಗಿಯನ್ನು ನಾನೇ ಕರೆತಂದೆ. ದಾರಿಯುದ್ದಕ್ಕೂ ಆಕೆ ಗ್ಲಾಸು ಏರಿಸಿಕೊಂಡೇ ಕೂತಿದ್ದಳು.

ಗಾಡಿಯನ್ನು ಕೊಟ್ಟು ಎಷ್ಟೋ ಕಾಲವಾಯಿತು. ಕಾಕುವಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮೊನ್ನೆ ನಾನು ಒಳಗೆ ಹೋಗಿ ಹುಣಸೆನೀರಿನ ಬಟ್ಟಲು ಎತ್ತಿಕೊಂಡು ಬಂದೆ. ಹೆಂಡತಿ ಹಿಂದೆಯೇ ಬಂದವಳು ಗ್ಲಾಸಿಗೆ ಅಂಟಿಸಿದ ಪಟ್ಟಿ ನೋಡಿ ಒಳಗೆ ಹೋದಳು. ಬರುವಾಗ ಒಂದು ಕೊಡ ಸಿಹಿನೀರು ತಂದಿಟ್ಟಳು. ಅವತ್ತು ನಮ್ಮ ಮನೆಯಲ್ಲಿ ಸಾರು ಆಗಲಿಲ್ಲ.