ಕೆಂಪು ನೂಲು, ಕೆಂಪು ರವಕೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ತು ವರ್ಷ. ಪುತ್ತೂರಿನ ಡ್ರಾಯಿಂಗ್ ಮಾಸ್ಟ್ರು ಶಿಷ್ಯರ ಚಿತ್ರಗಳ ಪ್ರದರ್ಶನ ಇಡುತ್ತೇನೆ, ನಿನ್ನದೂ ಒಂದು ಬೇಕು ಎಂದ ದಿನ ಅರಂತೋಡಿನ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇದ್ದದ್ದು ಇಳಿಯುವಾಗ ಗೊತ್ತಾಯಿತು.

ಯಾರನ್ನು ಬರೆಯುವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ದಿನವಿಡೀ ಜಗಲಿಯಲ್ಲಿ ಬಿದಿರಿನ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಸ್ವಲ್ಪ ಅಲುಗಾಡದೆ ಕೂತುಕೊಳ್ಳಿ ಎಂದರೆ ಕೇಳುವವರಲ್ಲ. ಕಂಪೆನಿಯ ಬ್ರಾಂಚಿನವರು ಕೊಟ್ಟ ಎಲೆ, ಹೊಗೆಸೊಪ್ಪು ಶನಿವಾರದೊಳಗೆ ಬೀಡಿಯಾಗಿ ಅಲ್ಲಿಗೇ ಮುಟ್ಟಬೇಕು. ತಲೆ ಬಗ್ಗಿಸಿಯೇ ಇರುತ್ತಿದ್ದರಿಂದ ಮುಖದ ಆಸೆ ಬಿಟ್ಟು ಕೈ ಬರೆಯಲು ಹಿಡಿದೆ. ಅವರ ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬೀಡಿ ಸುತ್ತುವಾಗ ಅದೊಂದು ಬೇರೆಯಾಗಿ ಎದ್ದು ನಿಲ್ಲುತ್ತಿತ್ತು. ಕೆಳಗೆ ಗೆರಸೆಯ ದುಂಡು, ಮೇಲೆ ಬಾಗಿದ ಬೆನ್ನಿನ ದುಂಡು, ನಡುವೆ ಆ ಬೆರಳು. ಚಿತ್ರದ ಜೋಡಣೆ ಚೆನ್ನಾಗಿ ಕೂತಿತು. ಕೈಕೊಟ್ಟದ್ದು ಬಣ್ಣ. ಎಲೆ ಕಂದು, ಹೊಗೆಸೊಪ್ಪು ಕಂದು, ಮಣ್ಣಿನ ಗೋಡೆ ಕಂದು, ಅತ್ತಿಗೆಯ ಹಳೆ ಸೀರೆ, ರವಕೆಯೂ ಅದೇ. ಹಾರ್ಡ್‌ಬೋರ್ಡಿನ ಮೇಲೆ ಕಾಫಿ ಚೆಲ್ಲಿದ ಹಾಗಿತ್ತು.

ಎಂಟನೆಯ ದಿನ, ಬೀಡಿ ಕಟ್ಟುವ, ನಿಜದಲ್ಲಿ ಕಪ್ಪಾಗಿದ್ದ ನೂಲಿಗೆ ಕೆಂಪು ಹಚ್ಚಿದೆ. ನೂಲಿನ ಉಂಡೆಯಿಂದ ಬೆರಳಿನ ತನಕ ಒಂದೇ ಒಂದು ಓರೆ ಗೆರೆ ಎಳೆದದ್ದೇ ತಡ, ಗೋಡೆ ಹಿಂದೆ ಸರಿಯಿತು, ಕೈ ಮುಂದೆ ಬಂತು, ಸತ್ತು ಬಿದ್ದಿದ್ದ ಕಂದು ಬಣ್ಣವೆಲ್ಲ ಎದ್ದು ಕೂತಿತು. ನಾನು ಬ್ರಶ್ಶು ಹಿಡಿದುಕೊಂಡೇ ಅಂಗಳಕ್ಕೆ ಹಾರಿದೆ.

ಅತ್ತಿಗೆ ಬಂದು ನೋಡಿದರು. ಅವರ ಮುಖ ಸಣ್ಣದಾಯಿತು.

"ಇದು ನಮ್ಮ ಬ್ರಾಂಚಿನ ನೂಲಲ್ಲ ಮಾರಾಯ್ತಿ. ಕೆಂಪು ಬೇರೆ ಕಂಪೆನಿಯದ್ದು."

ಒಬ್ಬರ ಎಲೆ ತಂದು ಇನ್ನೊಬ್ಬರ ನೂಲಿನಲ್ಲಿ ಕಟ್ಟುತ್ತಾಳೆ ಎಂಬ ಸುದ್ದಿ ಎದ್ದರೆ ಬ್ರಾಂಚಿನಲ್ಲಿ ಅವರ ಕಾರ್ಡು ಹೋಗುತ್ತಿತ್ತು, ಕಾರ್ಡು ಹೋದರೆ ಕೆಲಸವೇ ಇಲ್ಲ. ಇದು ಚಿತ್ರ, ಮುಖವೂ ಕಾಣುವುದಿಲ್ಲ ಎಂದು ನಾನು ವಾದಿಸಿದೆ. ಬೆರಳು ಕಾಣುತ್ತದಲ್ಲ ಎಂದರು. ಸಿಟ್ಟಿನಿಂದ ಚೂರಿ ತೆಗೆದು ಕೆಂಪನ್ನು ಕೆರೆದು ಹಾಕಿ ಕಪ್ಪು ಬಳಿದೆ. ಚಿತ್ರ ಮತ್ತೆ ಸತ್ತಿತು. ಎರಡು ದಿನ ಅತ್ತಿಗೆಯೊಡನೆ ಮಾತು ಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅವರು ಮದುವೆಮನೆಗೆಂದೇ ಪೆಟ್ಟಿಗೆಯಲ್ಲಿಟ್ಟಿದ್ದ ಕೆಂಪು ರವಕೆ ಹಾಕಿಕೊಂಡು ಜಗಲಿಗೆ ಬಂದರು. ಬೀಡಿಗೆ ಕೂರುವವರು ಯಾರೂ ಒಳ್ಳೆ ಬಟ್ಟೆ ಹಾಕುವುದಿಲ್ಲ. ಹೊಗೆಸೊಪ್ಪಿನ ವಾಸನೆ ಹಿಡಿದರೆ ಎಷ್ಟು ಒಗೆದರೂ ಬಿಡದು.

"ನಿನಗೆ ಕೆಂಪು ಎಲ್ಲಾದರೂ ಉಂಟಾದರೆ ಸಾಕಲ್ಲ?" ಎಂದು ಗೆರಸೆ ಎಳೆದುಕೊಂಡರು.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ನನ್ನ ನೂಲು ಬರೀ ಗೆರೆ, ಈ ಕೆಂಪಿಗೆ ತೂಕವಿತ್ತು. ತೋಳಿನಲ್ಲಿ ಉರಿದು, ಕಂದು ಮೊಣಕೈಗುಂಟ ಕಣ್ಣನ್ನು ಇಳಿಸಿಕೊಂಡು ಹೋಗಿ ಆ ಸೊಟ್ಟ ಬೆರಳಿಗೇ ಮುಟ್ಟಿಸುತ್ತಿತ್ತು. ಸಂಜೆಯ ತನಕ ಊಟದ ನೆನಪಾಗಲಿಲ್ಲ. ಒಬ್ಬಳೇ ನಗುತ್ತಾ ಬಳಿದೆ.

ಪ್ರದರ್ಶನದ ದಿನ ಅತ್ತಿಗೆಯೂ ಪುತ್ತೂರಿಗೆ ಬಂದರು. ಅದೇ ರವಕೆ, ಅದು ಕಾಣದ ಹಾಗೆ ಹೊದ್ದ ಸೆರಗು. ಪ್ರದರ್ಶನದ ಹಾಲ್‌ನ ಬಾಗಿಲು ಬಿಟ್ಟು ಒಳಗೆ ಬರಲೊಲ್ಲರು. ಸಂತೆಗೆ ಬಂದಿದ್ದ ನಮ್ಮ ಬ್ರಾಂಚಿನ ಇಬ್ಬರು ಹೆಂಗಸರು ಚಿತ್ರದ ಮುಂದೆ ನಿಂತು ಮೊದಲು ನೂಲು ನೋಡಿದರು. ನಮ್ಮದೇ ಎಂದರು. ಆಮೇಲೆ ಒಬ್ಬಳು ನಕ್ಕಳು: ಇಂಥ ರವಕೆ ಹಾಕಿಕೊಂಡು ಬೀಡಿಗೆ ಯಾರು ಕೂರುತ್ತಾರೆ, ಬರೆದವರಿಗೆ ಎಂತದೂ ಗೊತ್ತಿಲ್ಲ. ನನ್ನ ಕಿವಿ ಬಿಸಿಯಾಯಿತು.

ಅತ್ತಿಗೆ ಸೆರಗು ಸರಿಸಿ ಒಳಗೆ ಬಂದರು. ಚಿತ್ರದ ಪಕ್ಕ ನಿಂತು ಬಲಗೈಯ ಕಿರುಬೆರಳು ಎತ್ತಿ ಹಿಡಿದರು.

"ನಾನು ಕೂತುಕೊಳ್ತೇನೆ," ಎಂದರು.